ಓರಗಿತ್ತಿಯ ಕೋಡ್ ಓದಿದವಳು

ಆ ಮನೆಯಲ್ಲಿ ಇಬ್ಬರು ಸೊಸೆಯಂದಿರು. ದೊಡ್ಡವಳು ಬಸ್ ಡಿಪೋದ ಕಚೇರಿಯಲ್ಲಿ ಡ್ರೈವರ್‌ಗಳ ಪಾಳಿ ಹೊಂದಿಸುವ ಕೆಲಸದವಳು. ಯಾರಿಗೆ ಬೆಳಗಿನ ಪಾಳಿ, ಯಾರಿಗೆ ವಾರದ ರಜೆ, ಯಾರ ಲೈಸೆನ್ಸ್ ಯಾವ ತಿಂಗಳ ಕೊನೆಗೆ ಮುಗಿಯುತ್ತದೆ, ಇದನ್ನೆಲ್ಲ ಕಂಪ್ಯೂಟರಿನಿಂದ ತೆಗೆದು ಗೋಡೆಗೆ ಅಂಟಿಸಬೇಕು. ತಾರೀಖುಗಳ ಜೊತೆ ಗುದ್ದಾಡಿ ಸಾಕಾಗಿ, ಮದುವೆಗೆ ಮುಂಚೆಯೇ ಅವಳು ತಾರೀಖು ಕೂಡಿಸುವ, ಕಳೆಯುವ ಒಂದು ಲೈಬ್ರರಿ ಬರೆದಿದ್ದಳು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಕಪಾಟಲ್ಲ. ಒಬ್ಬರು ಬರೆದಿಟ್ಟ ಕೋಡನ್ನು ಮಿಕ್ಕವರೆಲ್ಲ ಬಿಟ್ಟಿಯಾಗಿ ಎತ್ತಿ ತಮ್ಮ ಪ್ರೋಗ್ರಾಮಿನೊಳಗೆ ಇಟ್ಟುಕೊಳ್ಳುವ ಸರಕು. ಅದು ಅಂತರ್ಜಾಲದಲ್ಲಿ ಬಾಗಿಲು ತೆರೆದುಕೊಂಡೇ ಇರುತ್ತದೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಆದರೆ ತಿದ್ದಿದ್ದು ಒಳಗೆ ಸೇರಬೇಕಾದರೆ ಒಡತಿ ಓದಿ ಒಪ್ಪಬೇಕು.

ಅವಳು ಆರಿಸಿಕೊಂಡ ಭಾಷೆಯೋ, ಸಾಮಾನ್ಯದವರು ಮೂಸಿಯೂ ನೋಡದ, ಫಂಕ್ಷನಲ್ ಎಂಬ ಜಾತಿಯ ಕಂಪ್ಯೂಟರ್ ಭಾಷೆ. ಅಲ್ಲಿ ಒಂದು ಹೆಸರಿಗೆ ಒಮ್ಮೆ ಕೊಟ್ಟ ಮೌಲ್ಯವನ್ನು ಆಮೇಲೆ ಬದಲಿಸುವಂತಿಲ್ಲ. ಒಂದು ಫಂಕ್ಷನ್‌ಗೆ, ಅಂದರೆ ಒಂದು ಲೆಕ್ಕ ಮಾಡಿಕೊಡುವ ಕೋಡಿನ ತುಂಡಿಗೆ, ಅದೇ ಪ್ರಶ್ನೆ ಹಾಕಿದರೆ ಬೆಳಿಗ್ಗೆಯೂ ಅದೇ ಉತ್ತರ, ಸಂಜೆಯೂ ಅದೇ ಉತ್ತರ. "ನಿಮ್ಮ ಮಗನ ಹಾಗಲ್ಲ ಅತ್ತೆ" ಎಂದು ಅವಳು ಅತ್ತೆಗೆ ವಿವರಿಸಿದ್ದಳು. ಅತ್ತೆಗೆ ತಕ್ಷಣ ಅರ್ಥವಾಗಿತ್ತು.

ಚಿಕ್ಕವಳು ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಮದುವೆಯಾಗಿ ಬಂದಾಗ ಅವಳಿಗೆ ಕೋಡಿನ ಗಂಧಗಾಳಿಯೂ ಇರಲಿಲ್ಲ. ಓರಗಿತ್ತಿ ಏನೋ ಕುಟ್ಟುತ್ತಾ ಕೂತಿರುತ್ತಾಳಲ್ಲ ಎಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ದೊಡ್ಡವಳು ಊಟದ ಮೇಜಿನ ಮೇಲೆಯೇ ಕೈಹಿಡಿದು ಕಲಿಸಿದಳು. ತಪ್ಪು ಮಾಡುವ ಶಿಷ್ಯೆ ಎಂದರೆ ಯಾವ ಗುರುವಿಗೆ ಪ್ರೀತಿ ಇರುವುದಿಲ್ಲ? ಚಿಕ್ಕವಳು ತಪ್ಪು ಮಾಡುತ್ತಿರುವಷ್ಟು ದಿನ ಆ ಮೇಜಿನ ಸುತ್ತ ನಗುವೇ ನಗು.

ಆಮೇಲೆ ಆ ಭಾಷೆಯನ್ನು ನೋಡಿಕೊಳ್ಳುವ ತಂಡದವರು ಒಂದು ಸುದ್ದಿ ಹಾಕಿದರು. ಭಾಷೆಯ ಮುಂದಿನ ಆವೃತ್ತಿಯ ಜೊತೆಗೇ ಒಂದು ತಾರೀಖಿನ ಲೈಬ್ರರಿ ಸೇರಿಸುತ್ತೇವೆ, ದೊಡ್ಡವಳದ್ದೇ ಆಗಬಹುದು, ಆದರೆ ತಿಂಗಳು ಕೂಡಿಸಿ ಕಳೆಯುವ ಭಾಗ ಆಮೆಯ ಹಾಗೆ ತೆವಳುತ್ತಿದೆ, ಅದನ್ನು ಸರಿಮಾಡಿ ಎಂದರು. ದೊಡ್ಡವಳು ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡರೂ ಆಗಲಿಲ್ಲ. ಚಿಕ್ಕವಳು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಆ ಭಾಗವನ್ನು ಹೊಸದಾಗಿ ಬರೆದು ಕಳಿಸಿದಳು. ಅದು ಜಿಂಕೆಯ ಹಾಗೆ ಓಡಿತು. ಎಲ್ಲೆಲ್ಲಿಂದಲೋ ಜನ ಬಂದು ಅದರ ಕೆಳಗೆ ಹೃದಯದ ಚಿತ್ರ ಒತ್ತಿದರು, ಅದ್ಭುತ ಎಂದರು. ದೊಡ್ಡವಳು ಅಷ್ಟು ವರ್ಷ ಸಾಕಿ ಸಲಹಿದ ಲೈಬ್ರರಿಯ ಬಾಗಿಲಿಗೆ ಅಷ್ಟು ಜನ ಎಂದೂ ಬಂದಿರಲಿಲ್ಲ.

ದೊಡ್ಡವಳ ಹೊಟ್ಟೆಗೆ ಬೆಂಕಿ ಬಿತ್ತು. ಮುಚ್ಚುಮರೆ ಏಕೆ, ಅದು ಅಪ್ಪಟ ಹೊಟ್ಟೆಕಿಚ್ಚು. ಹೊರಗಿನವರು ಯಾರಾದರೂ ಬರೆದಿದ್ದರೆ ಸಹಿಸಿಕೊಳ್ಳುತ್ತಿದ್ದಳೋ ಏನೋ. ತಾನೇ ಅಕ್ಷರ ತಿದ್ದಿಸಿದವಳು, ಅದೂ ಓರಗಿತ್ತಿ, ಅದೂ ಒಂದೇ ಸೂರಿನಡಿ! ಬೇಡ ಎನ್ನಲು ಕಾರಣವಿಲ್ಲ, ಆಯಿತು ಎನ್ನಲು ಮನಸ್ಸಿಲ್ಲ. ಹಾಗಾಗಿ ಅವಳು ಇಂಥ ಒಡೆಯರಿಗೆಲ್ಲ ಗೊತ್ತಿರುವ ಮೂರನೆಯ ದಾರಿ ಹಿಡಿದಳು. ಕೊಂಕು ತೆಗೆಯತೊಡಗಿದಳು.

ಈ ಹೆಸರು ಸರಿಯಿಲ್ಲ, ಬದಲಿಸಿ ಎಂದು ಬರೆದಳು. ಚಿಕ್ಕವಳು ಬದಲಿಸಿದಳು. ಕೋಡನ್ನು ಒರೆಗೆ ಹಚ್ಚುವ ಪರೀಕ್ಷೆಗಳು ಸಾಲವು ಎಂದಳು. ಚಿಕ್ಕವಳು ಇನ್ನಷ್ಟು ಬರೆದಳು. ಈ ಫಂಕ್ಷನ್ ಉದ್ದವಾಯಿತು, ಒಡೆಯಿರಿ ಎಂದಳು. ಒಡೆದ ಮೇಲೆ ಇಷ್ಟೊಂದು ಚೂರು ಏಕೆ, ಕೂಡಿಸಿ ಎಂದಳು. ನಾಚಿಕೆ ಎನ್ನುವುದು ಅವಳ ಹತ್ತಿರ ಸುಳಿಯಲಿಲ್ಲ. ಪ್ರತಿ ಸಲವೂ ಕೆಳಗೆ ಚಿಕ್ಕವಳ ಉತ್ತರ ಇರುತ್ತಿತ್ತು: "ಸರಿಮಾಡಿದ್ದೇನೆ. ಧನ್ಯವಾದ." ಆ ಧನ್ಯವಾದ ಕಂಡಾಗಲೆಲ್ಲ ದೊಡ್ಡವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಜಗತ್ತಿನ ಎದುರು ಬಹುವಚನದಲ್ಲಿ ಬರೆದುಕೊಳ್ಳುವ ಈ ಇಬ್ಬರೂ ಮನೆಯಲ್ಲಿ ಅದರ ಸುದ್ದಿ ಎತ್ತುತ್ತಿರಲಿಲ್ಲ. ಒಬ್ಬಳು ಪಾತ್ರೆ ತೊಳೆದರೆ ಇನ್ನೊಬ್ಬಳು ಒರೆಸುವಳು. ಅತ್ತೆ ಮಾತ್ರ ಒಂದು ದಿನ ದೊಡ್ಡ ಸೊಸೆಯನ್ನು ಹಿಡಿದು ನಿಲ್ಲಿಸಿದರು.

"ಏನೇ, ತಟ್ಟೆನ ಯಾಕೆ ಹಾಗೆ ಕುಕ್ತೀಯ? ಅವಳೇನು ನಿನ್ನ ಬಾಯಿಗೆ ಬಂದ ತುತ್ತು ಕಿತ್ಕೊಂಡ್ಳಾ?"

"ಕೈ ಜಾರಿತು ಅತ್ತೆ."

"ದಿನಾ ಜಾರುತ್ತಾ?" ಎಂದು ಅತ್ತೆ ಒಳಗೆ ಹೋದರು.

ತಂಡದವರು ಕೊಟ್ಟ ಗಡುವು ಒಂದು ಭಾನುವಾರ ಸಂಜೆಗೆ ಮುಗಿಯುತ್ತಿತ್ತು. ಆ ದಿನ ಬೆಳಿಗ್ಗೆ ದೊಡ್ಡವಳು ಓರಗಿತ್ತಿಯ ಕೋಡನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಸಾಲುಸಾಲಾಗಿ ಓದುತ್ತಾ ಕೂತಳು. ಕೊನೆಗೂ ನಿಜವಾದ ಒಂದು ಕಲ್ಲು ಸಿಕ್ಕಿತು. ಅಧಿಕ ವರ್ಷದ ಮಾರ್ಚ್ ಮೂವತ್ತೊಂದರಿಂದ ಹದಿಮೂರು ತಿಂಗಳು ಹಿಂದಕ್ಕೆ ಹೋದರೆ, ಅದು ಹೊರಟ ವರ್ಷದ ಫೆಬ್ರವರಿಯನ್ನು ನೋಡುತ್ತಿತ್ತೇ ಹೊರತು ತಲುಪಿದ ವರ್ಷದ್ದನ್ನಲ್ಲ. ಫೆಬ್ರವರಿ ಇಪ್ಪತ್ತೊಂಬತ್ತೇ ಇಲ್ಲದ ವರ್ಷದಲ್ಲಿ ಇಪ್ಪತ್ತೊಂಬತ್ತು ಎಂದು ಉತ್ತರ ಕೊಡುತ್ತಿತ್ತು.

ಅವಳಿಗೆ ಸ್ವರ್ಗ ಮೂರೇ ಗೇಣು. ಹೇಳಿದರೆ ಚಿಕ್ಕವಳು ಸರಿಮಾಡಿಬಿಡುತ್ತಾಳೆ, ಇನ್ನಷ್ಟು ಹೃದಯಗಳು ಬೀಳುತ್ತವೆ. ಹೇಳದಿದ್ದರೆ? ಇಂದಲ್ಲ ನಾಳೆ ಎಲ್ಲೋ ಯಾರದೋ ಲೆಕ್ಕ ಕೆಡುತ್ತದೆ, ಇದು ಯಾರು ಬರೆದದ್ದು ಎಂದು ಜನ ಹುಡುಕುತ್ತಾರೆ. ಪ್ರತಿ ಸಾಲಿಗೂ ಬರೆದವರ ಹೆಸರು ಅಂಟಿಕೊಂಡೇ ಇರುತ್ತದೆ. ಹಾಳಾಗುವುದು ತನ್ನದೇ ಲೈಬ್ರರಿ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಎದುರುಮನೆಯವರಿಗೆ ಅಪಶಕುನವಾಗಲಿ ಎಂದು ಮೂಗು ಕೊಯ್ದುಕೊಳ್ಳುವವರು ಮೂಗಿನ ಬಗ್ಗೆ ಯೋಚಿಸುತ್ತಾರೆಯೇ? ಅವಳು "ಚೆನ್ನಾಗಿದೆ" ಎಂದು ಬರೆದು, ಒಪ್ಪಿಗೆಯ ಗುಂಡಿ ಒತ್ತಿ, ಬಟ್ಟೆ ಇಸ್ತ್ರಿ ಮಾಡಲು ಹೋದಳು.

ಮಧ್ಯಾಹ್ನ ಚಿಕ್ಕವಳು ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಗೆದ್ದವಳ ಮುಖ ಅದಾಗಿರಲಿಲ್ಲ.

"ಅಕ್ಕಾ, ಒಪ್ಪಿಬಿಟ್ರಾ? ಏನೂ ಸಿಗ್ಲಿಲ್ವಾ?"

"ಸಿಗ್ಲಿಲ್ಲ. ಯಾಕೆ?"

"ಎಲ್ಲೋ ಒಂದು ಕಡೆ ತಪ್ಪಿದೆ ಅನ್ನಿಸ್ತಿದೆ. ವಾರದಿಂದ ಹುಡುಕ್ತಿದೀನಿ, ಕಾಣ್ತಿಲ್ಲ. ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತೆ ಅಂತ ಧೈರ್ಯವಾಗಿದ್ದೆ."

"ಅಷ್ಟು ಜನ ಅದ್ಭುತ ಅಂದಿದಾರಲ್ಲ."

"ಅವ್ರು ಓದಿದಾರಾ? ಸುಮ್ನೆ ಹೃದಯ ಒತ್ತಿ ಹೋದ್ರು." ಚಿಕ್ಕವಳು ಬಾಗಿಲು ಬಿಟ್ಟು ಒಳಗೆ ಬಂದಳು. "ನಿಮಗೆ ಹೊಟ್ಟೆಕಿಚ್ಚು ಅಂತ ನನಗೆ ಗೊತ್ತಿಲ್ವಾ ಅಕ್ಕಾ? ಗೊತ್ತು. ಆದ್ರೆ ನಾನು ಬರೆದಿದ್ದನ್ನ ಇಷ್ಟು ಮನಸಿಟ್ಟು ಇನ್ಯಾರು ಓದಿದಾರೆ ಹೇಳಿ."

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆಯೇ ಉಳಿಯಿತು. ಅಂಗಿಯ ತೋಳು ಕರಕಲಾಗುವ ವಾಸನೆ ಬಂದ ಮೇಲೆ ದೊಡ್ಡವಳು ಅದನ್ನು ಎತ್ತಿಟ್ಟಳು.

"ಮಾರ್ಚ್ ಮೂವತ್ತೊಂದು ಹಾಕಿ ನೋಡು. ಅಧಿಕ ವರ್ಷದ್ದು. ಹದಿಮೂರು ತಿಂಗಳು ಹಿಂದಕ್ಕೆ."

ಚಿಕ್ಕವಳು ಅಲ್ಲೇ ಲೆಕ್ಕ ಹಾಕಿದಳು. ತುಟಿಗಳು ಅಲ್ಲಾಡುತ್ತಿದ್ದವು, ನಿಂತವು.

"ಯಾವಾಗ ಕಂಡಿತು ನಿಮಗೆ?"

ಈಗ ಎನ್ನಬಹುದಿತ್ತು. ಅದೇಕೋ ದೊಡ್ಡವಳ ಬಾಯಿಗೆ ಸುಳ್ಳು ಬರಲಿಲ್ಲ. "ಬೆಳಿಗ್ಗೆ."

"ನಾನು ಬಂದು ಕೇಳದೆ ಇದ್ದಿದ್ರೆ?"

ದೊಡ್ಡವಳು ಸುಟ್ಟ ತೋಳನ್ನು ಮಡಚುತ್ತಾ ನಿಂತಳು. ಚಿಕ್ಕವಳು ಮತ್ತೆ ಕೇಳಲಿಲ್ಲ.

ತಪ್ಪು ಸರಿಹೋಯಿತು. ಗಡುವಿನೊಳಗೆ ಎಲ್ಲ ಸೇರಿತು. ಆ ಭಾಷೆಯನ್ನು ಬಳಸುವವರಿಗೆಲ್ಲ ಈಗ ದೊಡ್ಡವಳ ಲೈಬ್ರರಿ ತಾನಾಗಿಯೇ ಸಿಗುತ್ತದೆ, ಅದರ ಮೇಲೆ ಇಬ್ಬರ ಹೆಸರೂ ಇದೆ. ನನ್ನ ಸೊಸೆಯಂದಿರು ಅಕ್ಕತಂಗಿಯರ ಹಾಗೆ ಎಂದು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದರು. ಚಿಕ್ಕವಳು ಮೊದಲಿನ ಹಾಗೇ ಅಕ್ಕಾ ಎನ್ನುತ್ತಾಳೆ, ಚಹಾ ತಂದಿಡುತ್ತಾಳೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುವುದು ಮಾತ್ರ ನಿಂತಿದೆ.

ಸ್ವಲ್ಪ ದಿನಕ್ಕೆ ಅವಳು ತನ್ನದೇ ಒಂದು ಲೈಬ್ರರಿ ಹೊರಗಿಟ್ಟಳು. ಕನ್ನಡಕದ ನಂಬರ್‌ಗಳನ್ನು ಲೆಕ್ಕ ಹಾಕುವಂಥದ್ದು. ಓದಿ ನೋಡಿ ಎಂದು ಅವಳು ಕೇಳಿಕೊಂಡಿದ್ದು ಯಾವುದೋ ದೇಶದ ಒಬ್ಬ ಅಪರಿಚಿತನನ್ನು. ತನ್ನ ಮುಖದ ಬದಲು ಗೂಬೆಯ ಚಿತ್ರ ಹಾಕಿಕೊಂಡ ಆಸಾಮಿ. ದೊಡ್ಡವಳು ಡಿಪೋದಲ್ಲಿ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ ಅದನ್ನೆಲ್ಲ ಓದಿದಳು. ಗೂಬೆ ಎರಡು ಚಿಕ್ಕ ತಪ್ಪು ತೋರಿಸಿದ್ದ. ಮೂರನೆಯದು, ಒಂದು ಕಡೆ ಮೈನಸ್ ಚಿಹ್ನೆ ಬಿಟ್ಟುಹೋಗುವುದು, ಅವನಿಗೆ ಕಂಡೇ ಇರಲಿಲ್ಲ. ಅವನ ಕೆಳಗೂ ಚಿಕ್ಕವಳ ಅದೇ ಧನ್ಯವಾದ. ಹೃದಯಗಳು ಬಿದ್ದ ದಿನವೂ ದೊಡ್ಡವಳಿಗೆ ಹೊಟ್ಟೆ ಇಷ್ಟು ಉರಿದಿರಲಿಲ್ಲ.

ಸಂಜೆ ಪಾತ್ರೆ ಒರೆಸುತ್ತಾ ಅವಳು ತಡೆಯಲಾರದೆ ಕೇಳಿದಳು. "ಆ ಗೂಬೆ ಚೆನ್ನಾಗಿ ಓದ್ತಾನಾ?"

ಚಿಕ್ಕವಳು ನಲ್ಲಿ ನಿಲ್ಲಿಸಿದಳು.

"ನಿಮ್ಮಷ್ಟು ಓದಲ್ಲ ಅಕ್ಕಾ. ಆದ್ರೆ ಕಂಡಿದ್ದನ್ನ ಹೇಳ್ತಾನೆ."