ಶಿವಗಂಗವ್ವನ ಮೂರೆಳೆ ಜಡೆ

ಮರಾಠಿ ಸೀಮೆಯ ನಿಗಡಿಯಲ್ಲಿ ನೆಲೆಸಿದ್ದ ಮಲಕಪ್ಪ ಮೂವತ್ತೊಂದು ವರ್ಷ ಅಲ್ಲಿನ ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನನಾಗಿದ್ದ. ಎಂಥ ನಟ್ಟು ಬೋಲ್ಟಿನ ಅಳತೆಯನ್ನೂ ಕಣ್ಣಲ್ಲೇ ಹೇಳುತ್ತಿದ್ದ ಮಹಾಶಯ. ನಿವೃತ್ತನಾದ ಮೇಲೆ ಹೆಂಡತಿ ಶಿವಗಂಗವ್ವನ ಜಡೆ ಹೆಣೆಯಲು ಕೂತಾಗ ಮಾತ್ರ ಅವನಿಗೆ ಬೆವರಿಳಿಯುತ್ತಿತ್ತು.

೨೦೦೮ರ ಬೇಸಿಗೆಯಲ್ಲಿ ಅವಳಿಗೆ ಲಕ್ವಾ ಹೊಡೆದಿತ್ತು. ಮಾತು ಮರಳಿತು, ನಡಿಗೆಯೂ ಬಂತು. ಬಲಗೈ ಬೆರಳುಗಳು ಬಿಗಿದೇ ಉಳಿದವು. ಅದಕ್ಕಿಂತ ವಿಚಿತ್ರವೆಂದರೆ, ಒಂದು ಕೆಲಸ ಹಿಡಿದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಅವಳ ಮನಸ್ಸು ಹೊರಳುತ್ತಿರಲಿಲ್ಲ. ಜಡೆ ಹಾಕಲು ಕೂತರೆ ಬಲಗಡೆಯ ಎಳೆಯನ್ನೇ ಮತ್ತೆ ಮತ್ತೆ ನಡುವೆ ತರುವಳು. ಎಡಗಡೆಯದರ ಸರದಿ ಹೊಳೆಯುತ್ತಲೇ ಇರಲಿಲ್ಲ. ಓಣಿಯ ಮದುವಣಗಿತ್ತಿಯರಿಗೆಲ್ಲ ಜಡೆ ಹಾಕಿ ಕಳಿಸಿದವಳು ಅವಳು. "ನನ್ನ ಜಡಿ ನಾನ ಹಾಕ್ಕೊಳ್ಳೂತನಕ ದವಾಖಾನಿ ಬಿಟ್ಟು ಎಲ್ಲಿಗೂ ಬರಂಗಿಲ್ಲ" ಎಂದು ಮನೆ ಹಿಡಿದು ಕೂತುಬಿಟ್ಟಳು.

ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ನೀಲಿಮಾ ಎಂಬ ಡಾಕ್ಟರು ಹೊಸ ಪ್ರಯೋಗ ನಡೆಸುತ್ತಿದ್ದರು. ಉಪ್ಪುನೀರಲ್ಲಿ ತೋಯಿಸಿದ ಎರಡು ಸ್ಪಂಜುಗಳನ್ನು ತಲೆಗೆ ಪಟ್ಟಿಯಿಂದ ಬಿಗಿದು ಇಪ್ಪತ್ತು ನಿಮಿಷ ಸಣ್ಣ ಕರೆಂಟು ಹರಿಸುವುದು, ಜೊತೆಗೆ ಬೆರಳಿನ ಕಸರತ್ತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಗುಣವಾಗುತ್ತದೆಂಬ ಭರವಸೆಯನ್ನೂ ಅವರು ಕೊಡಲಿಲ್ಲ. ಹತ್ತು ಸಲ ಬರಬೇಕು. ಮೂರು ಸಲ ತಪ್ಪಿದರೆ ಹೆಸರು ತೆಗೆಯುತ್ತೇವೆ ಎಂದರು.

ಮೊದಲೆರಡು ದಿನ ಕರೆಂಟು ಸರಿಯಾಗಿ ಹರಿಯಲೇ ಇಲ್ಲ. ಯಂತ್ರ ಕೆಟ್ಟಿದೆಯೆಂದು ಬದಲಿಸಿದರೂ ಅದೇ ಕತೆ. ಮೂರನೆಯ ದಿನ ಡಾಕ್ಟರು ಕೂದಲು ಬಿಡಿಸಿ ನೋಡಿದರೆ ಬುಡವೆಲ್ಲ ಜಿಡ್ಡು. ಎಣ್ಣೆ ಹಚ್ಚಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು.

ಮಲಕಪ್ಪನ ಮುಖ ಸಣ್ಣದಾಯಿತು. ತಲೆ ತೊಳೆದುಕೊಂಡು ಬನ್ನಿ ಎಂದಿದ್ದರು, ತೊಳೆದೇ ಕರೆತಂದಿದ್ದ. ಆದರೆ ಕರೆಂಟಿನ ಕಾವು ನೆತ್ತಿಗೇರೀತೆಂದು ಹೆದರಿ, ಸ್ನಾನದ ಮೇಲೆ ತಾನೇ ಬೊಗಸೆ ತುಂಬ ಔಡಲೆಣ್ಣೆ ತಿಕ್ಕಿದ್ದ! ತನ್ನ ಮರಾಠಿಯಲ್ಲಿ ತೊದಲುತ್ತ ಅಷ್ಟನ್ನೂ ಒಪ್ಪಿಕೊಂಡ. ಎಣ್ಣೆ ಕರೆಂಟನ್ನು ಒಳಗೆ ಬಿಡುವುದಿಲ್ಲ ಎಂದು ಡಾಕ್ಟರು ನಕ್ಕು, ಸಾಬೂನು ಕೊಟ್ಟು ನಲ್ಲಿ ತೋರಿಸಿದರು.

ಮಲಕಪ್ಪ ಅಲ್ಲಿಯೇ ಹೆಂಡತಿಯ ತಲೆ ತಿಕ್ಕಿದ. "ನನ್ನ ಕೈಯಾರೆ ನಿನಗ ಅಡ್ಡ ಬಂದೆ ನೋಡ" ಎಂದಾಗ ಅವನ ದನಿ ನಡುಗಿತು.

"ಕಣ್ಣಾಗ ಸಾಬಾಣ ಹೊಂಟದ. ಮದಲ ನೀರು ಹಾಕ್ರಿ, ಆಮ್ಯಾಲ ಅಳೂವಂತ್ರಿ" ಎಂದಳು ಶಿವಗಂಗವ್ವ.

ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಹತ್ತು ಮುಗಿಯುವ ಹೊತ್ತಿಗೆ ಬೆರಳುಗಳು ತುಸು ಸಡಿಲವಾಗಿದ್ದವು. ಅದು ಕರೆಂಟಿನಿಂದಲೋ ಕಸರತ್ತಿನಿಂದಲೋ ಡಾಕ್ಟರೂ ಹೇಳಲಿಲ್ಲ. ಕಸರತ್ತು ಮನೆಯಲ್ಲೂ ನಡೆಯಿತು.

ತಿಂಗಳ ಮೇಲೆ ಒಂದು ಬೆಳಿಗ್ಗೆ ಮಲಕಪ್ಪ ಜಡೆ ಹೆಣೆಯುತ್ತಿದ್ದಾಗ ಶಿವಗಂಗವ್ವನ ಕೈ ಹಿಂದಕ್ಕೆ ಬಂತು. "ಬಿಡ್ರಿ" ಎಂದಳು. ಬಲಗಡೆಯ ಎಳೆ ನಡುವೆ ಬಂತು. ಬೆರಳು ತಡೆಯಿತು. ಆಮೇಲೆ ನಿಧಾನವಾಗಿ ಎಡಗಡೆಯದು ಬಂತು.

"ಸೊಟ್ಟ ಆಗ್ಯದೇನ್ರಿ?"

"ಭಾಳ ಛಂದ ಆಗ್ಯದ" ಎಂದ. ಸೊಟ್ಟವೇ ಆಗಿತ್ತು.

ಅವಳು ಚಪ್ಪಲಿ ಮೆಟ್ಟಿಕೊಂಡು ತಾನೊಬ್ಬಳೇ ಓಣಿಗಿಳಿದಳು. ಮಲಕಪ್ಪನಿಗೆ ಹಿಗ್ಗೋ ಹಿಗ್ಗು. ಆದರೂ ಜಡೆ ಹೆಣೆಯುವ ಬೆಳಗಿನ ಆ ಅರ್ಧ ತಾಸು ಇನ್ನು ತನ್ನದಲ್ಲ. ಹಣಿಗೆಯಲ್ಲಿ ಸಿಕ್ಕಿದ್ದ ಅವಳ ಕೂದಲನ್ನು ಅವನು ಬಹಳ ಹೊತ್ತು ಬಿಡಿಸುತ್ತ ಕೂತ.