ಇಡ್ಲಿ ತಟ್ಟೆಯ ಮೊಸರು

ನಮ್ಮಣ್ಣ ಜಯರಾಮಪ್ಪನಿಗೆ ಅರವತ್ತು ದಾಟುವವರೆಗೂ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಆಂಧ್ರದ ಗಡಿಯೂರು ಹಿಂದೂಪುರದಲ್ಲಿ ಅವನಂಥ ನೇಕಾರ ಇನ್ನೊಬ್ಬನಿಲ್ಲ ಎನ್ನುತ್ತಾರೆ. ಇರಬಹುದು. ಸಾವಿರಾರು ಎಳೆಗಳ ನಡುವೆ ಕಡಿದುಹೋದ ಒಂದೇ ಒಂದು ಎಳೆಯನ್ನು ಬೆರಳಲ್ಲೇ ಹುಡುಕುತ್ತಾನೆ. ಅಡುಗೆಮನೆಗೆ ಬಂದರೆ ಮಾತ್ರ ದಾರಿ ತಪ್ಪಿದವನ ಹಾಗೆ ನಿಲ್ಲುತ್ತಾನೆ. ಅಂಥವನು ಕೈಯಾರೆ ತಿಂಡಿ ಮಾಡಿ ಹೆಂಡತಿಗೆ ಉಣ್ಣಿಸಿದ ದಿನಗಳನ್ನು ನಾನು ಕಣ್ಣಾರೆ ಕಂಡೆ.

ಅತ್ತಿಗೆ ಬನಶಂಕರಿಯ ಕೆನ್ನೆಯೊಳಗೆ ಈ ವರ್ಷ ಒಂದು ಗಡ್ಡೆ ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಆಮೇಲೆ ರೇಡಿಯೇಷನ್ ಎಂದು ಮೂವತ್ತು ದಿನ ಕರೆಂಟು ಕೊಟ್ಟರು. ಬಾಯಿಯೆಲ್ಲ ಹುಣ್ಣಾಗಿ ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಹತ್ತು ದಿನ ಬಿಟ್ಟು ಬನ್ನಿ, ತೂಕ ನಲವತ್ತು ಕೇಜಿಗಿಂತ ಕಡಿಮೆಯಾಗಿದ್ದರೆ ಮೂಗಿನಲ್ಲಿ ಪೈಪು ಹಾಕಲೇಬೇಕು. ಆವತ್ತು ಅವಳ ತೂಕ ನಲವತ್ತೊಂದು.

ಕಾಯಿಲೆಗೆ ಹೆದರದ ನಮ್ಮತ್ತಿಗೆ ಆ ಪೈಪಿಗೆ ಹೆದರಿದಳು. "ಮೂಗ್ನಾಗೆ ಪೈಪ್ ಇಟ್ಕಂಡು ಯಾರ್ ಎದುರ್ಗೆ ಕೂತ್ಕಳ್ಲಮ್ಮ ನಾನು?" ಎಂದು ನನ್ನ ಕೈ ಹಿಡಿದುಕೊಂಡಳು. ನಾನು ಕಲ್ಯಾಣದುರ್ಗದಿಂದ ಬಂದವಳು ಹೊರಡುವ ಮಾತನ್ನೇ ಎತ್ತಲಿಲ್ಲ. ರಾಗಿ ಗಂಜಿ ಮಾಡಿದೆ, ಸಬ್ಬಕ್ಕಿ ಬೇಯಿಸಿದೆ, ಅನ್ನವನ್ನು ಹಾಲಿನಲ್ಲಿ ನುಣ್ಣಗೆ ಮಾಡಿದೆ. ಎರಡು ಚಮಚಕ್ಕೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಮೂರನೇ ದಿನಕ್ಕೆ ತೂಕ ನಲವತ್ತೂವರೆ ಆಯಿತು. ನನ್ನ ಕೈಯಡುಗೆಯ ಬಗ್ಗೆ ನನಗಿದ್ದ ಜಂಬ ಅಲ್ಲಿಗೆ ಇಳಿಯಿತು.

ಗೋರಂಟ್ಲದಲ್ಲಿರುವ ಅಣ್ಣನ ಮಗಳು ಕೀರ್ತನಾ ಅವನ ಫೋನಿಗೆ ಒಂದು ತೆಲುಗು ವಿಡಿಯೋ ಕಳಿಸಿದಳು. ಒಲೆ ಹಚ್ಚುವ ಕೆಲಸವಿಲ್ಲ, ಮೊಸರನ್ನು ಫ್ರಿಜ್ಜಿನಲ್ಲಿಟ್ಟು ಐಸ್ ಮಾಡುವುದು, ಅಷ್ಟೇ. ಅಣ್ಣ ಕನ್ನಡಕ ಹಾಕಿಕೊಂಡು ಅತ್ತಿಗೆಯ ಮಂಚದ ಪಕ್ಕ ಕೂತು ಅದನ್ನು ಹಾಕಿದ. "ಮುಂದುಗಾ ಒಕ ಗಿನ್ನೆಡು ಗಡ್ಡ ಪೆರುಗು ತೀಸ್ಕೋಂಡಿ" ಎಂದಳು ವಿಡಿಯೋದ ಹೆಂಗಸು. ಅಣ್ಣ ಬೆಂಕಿ ಮುಟ್ಟಿದವನ ಹಾಗೆ ಫೋನು ಆರಿಸಿಬಿಟ್ಟ.

ಮೊದಲು ಒಂದು ಬಟ್ಟಲು ಗಡ್ಡ ಪೆರುಗು ತೆಗೆದುಕೊಳ್ಳಿ ಎಂದಿದ್ದಳು ಅವಳು; ತೆಲುಗಿನಲ್ಲಿ ಗಡ್ಡ ಪೆರುಗು ಎಂದರೆ ಗಟ್ಟಿ ಮೊಸರು, ಅಷ್ಟೇ. ಆದರೆ ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಗಡ್ಡೆ ಎಂಬ ಮಾತನ್ನು ಯಾರೂ ಆಡುವ ಹಾಗಿರಲಿಲ್ಲ. ಬಂದವರು ಕೇಳಿದರೆ ಅಣ್ಣ "ಬಾಯಿ ಹುಣ್ಣು" ಎನ್ನುತ್ತಿದ್ದ. ನಮ್ಮ ಕಡೆ ಅಂಗಡಿಯಲ್ಲಿ ಈರುಳ್ಳಿಗೆ ಎರ್ರಗಡ್ಡ, ಬೆಳ್ಳುಳ್ಳಿಗೆ ತೆಲ್ಲಗಡ್ಡ ಎನ್ನುತ್ತಾರೆ. ಈ ಮಹಾರಾಯ ಆ ಹೆಸರು ಹೇಳಲಾರದೆ ಬೆರಳು ತೋರಿಸಿ "ಅದು ಅರ್ಧ ಕೇಜಿ, ಇದು ಕಾಲು ಕೇಜಿ" ಎಂದು ತರುತ್ತಿದ್ದನಂತೆ. ನನಗೆ ನಗು ಬಂತು.

ಅತ್ತಿಗೆ ಕೈ ಚಾಚಿ ಫೋನು ಕಿತ್ತುಕೊಂಡಳು. ಎರಡು ದಿನದಿಂದ ತುಟಿ ಬಿಚ್ಚದವಳು ಒಂದೊಂದೇ ಮಾತು ನುಂಗಿ ನುಂಗಿ ಹೇಳಿದಳು: "ಗಡ್ಡೆನ ಕಿತ್ತು ಬಿಸಾಕವ್ರೆ. ಇನ್ನ ಮಾತಿಗ್ಯಾಕೆ ಹೆದ್ರುತೀಯ? ಹಾಕು, ನೋಡಾನ."

ಅಣ್ಣ ಆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಆಮೇಲೆ ಮೂವರೂ ಕೂತು ಆ ವಿಡಿಯೋವನ್ನು ನಾಲ್ಕು ಸಲ ನೋಡಿದೆವು. "ಮೂಡು ಗಂಟಲ್ಲೋ ಗಡ್ಡ ಕಡುತುಂದಿ" ಎಂದು ವಿಡಿಯೋದವಳು ಹೇಳಿದಾಗಲೆಲ್ಲ ಅತ್ತಿಗೆ ಗಂಡನ ಮುಖ ನೋಡುತ್ತಿದ್ದಳು. ನಾಲ್ಕನೇ ಸಲಕ್ಕೆ ಅವನು, "ಮೂರು ಗಂಟೇಲಿ ಗಡ್ಡೆ ಕಟ್ತದಂತೆ ಕಣಮ್ಮ" ಎಂದು ತಾನೇ ನನಗೆ ಬಿಡಿಸಿ ಹೇಳಿದ, ನನಗೇನೋ ತೆಲುಗು ಬರುವುದಿಲ್ಲ ಎಂಬಂತೆ.

ಮಾಡಲು ನಾನೇ ಎದ್ದೆ. "ನೀನು ಕೂತ್ಕ ಹೇಮಾ, ನಾನು ಮಾಡ್ತೀನಿ" ಎಂದು ನನ್ನನ್ನು ಸರಿಸಿದ. ಮೊಸರಿನ ನೀರು ಬಸಿಯಲು ಬಟ್ಟೆ ಬೇಕಿತ್ತು. ಟ್ರಂಕಿನಿಂದ ತಾನೇ ನೇಯ್ದಿಟ್ಟಿದ್ದ ಹೊಸ ಹತ್ತಿ ಬಟ್ಟೆಯನ್ನು ಠೀವಿಯಿಂದ ತೆಗೆದು, ಮೊಸರು ಕಟ್ಟಿ ಮಗ್ಗದ ಕಂಬಕ್ಕೆ ನೇತುಹಾಕಿದ. ಒಂದು ಗಂಟೆಯಾದರೂ ನೀರು ಸರಿಯಾಗಿ ಇಳಿಯಲಿಲ್ಲ. ಬಿಚ್ಚಿ ನೋಡಿದರೆ ಮೊಸರಿಗೆಲ್ಲ ಗಂಜಿಯ ವಾಸನೆ. ನಲವತ್ತು ವರ್ಷ ನೂಲಿಗೆ ಗಂಜಿ ಹಾಕಿದ ಮನುಷ್ಯನಿಗೆ ನೀರು ಕಾಣದ ಬಟ್ಟೆಯಲ್ಲಿ ಗಂಜಿ ಇರುತ್ತದೆ ಅಂತ ಹೊಳೆಯಲೇ ಇಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಬಾಯಿ ನೋಯುತ್ತದೆಂದು ಕೈ ಅಡ್ಡ ಹಿಡಿದುಕೊಂಡು ಭುಜ ಕುಣಿಸಿ ನಕ್ಕಳು. ಅಣ್ಣ ಆ ಬಟ್ಟೆಯನ್ನು ಬಿಸಿನೀರಿನಲ್ಲಿ ಮೂರು ಸಲ ಜಾಲಿಸಿ, ಹೊಸದಾಗಿ ಹೆಪ್ಪು ಹಾಕಿಸಿ, ಮಾರನೆಯ ದಿನ ಮತ್ತೆ ಶುರುಮಾಡಿದ.

ಹುಳಿ ತಗುಲಿದರೆ ಹುಣ್ಣು ಉರಿಯುತ್ತದೆ. ಆದ್ದರಿಂದ ಗಟ್ಟಿ ಹಾಲಿನ ಮೊಸರು ಹುಳಿಯಾಗುವ ಮುಂಚೆಯೇ ಕಟ್ಟಬೇಕು, ಫ್ರಿಜ್ಜಿನೊಳಗೇ ಬಸಿಯಬೇಕು. ಎರಡು ಯಾಲಕ್ಕಿ ಬಾಳೆಹಣ್ಣು ಕಿವುಚಿ, ಸಕ್ಕರೆ ಪುಡಿ ಹಾಕಿ, ಗಂಟಿಲ್ಲದಂತೆ ಕಡೆದು, ಅಚ್ಚು ಇಲ್ಲದ್ದರಿಂದ ಇಡ್ಲಿ ತಟ್ಟೆಗೆ ಹೊಯ್ದ. ಪಕ್ಕದ ಮನೆಯ ಬೀರಕ್ಕ ಇಣುಕಿ ನೋಡಿ, "ಏನ್ ಜಯರಾಮಣ್ಣ, ಇಡ್ಲಿನ ಫ್ರಿಜ್ನಾಗೆ ಬೇಯಿಸ್ತೀಯಾ?" ಎಂದಳು. ಅವನು ತಟ್ಟೆಯನ್ನು ಐಸ್ ಕಟ್ಟುವ ಖಾನೆಗೆ ತಳ್ಳಿ ಬಾಗಿಲು ಹಾಕಿದ. ಅರ್ಧ ಗಂಟೆಗೊಮ್ಮೆ ಬಾಗಿಲು ತೆಗೆದು ನೋಡುತ್ತಿದ್ದ. "ಹಂಗೆ ತೆಗೀತಾ ಇದ್ರೆ ಸಂಕ್ರಾಂತಿಗೆ ಗಟ್ಟಿ ಆಯ್ತದೆ" ಎಂದು ನಾನು ರೇಗಿದ ಮೇಲೆ ಸುಮ್ಮನಾದ.

ಮೊದಲನೇ ಬಿಳಿ ಇಡ್ಲಿಯನ್ನು ತುಂಡು ಮಾಡಿ ಅವಳ ಬಾಯಿಗಿಟ್ಟು, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. "ಎಂಗೈತೆ?" ಅವಳು ಕರಗಿಸಿ ನುಂಗಿದಳು. ಮುಖ ಕಿವುಚಲಿಲ್ಲ. ಮೂರು ಬೆರಳು ತೋರಿಸಿದಳು. ಐದಕ್ಕೆ ಮೂರು! ಮಾರನೆಯ ದಿನ ಜೇನುತುಪ್ಪ ಸೇರಿಸಿದ, ಮೂರೂವರೆ ಎಂದು ಬೆರಳು ಮಡಿಸಿದಳು. ಸಪೋಟ ಹಾಕಿದ ದಿನ ನಾಲ್ಕು. ಅವನು ರಾತ್ರಿ ಮಲಗುವ ಮುಂಚೆ ನಾಳೆಗೇನು ಹಾಕಲಿ ಎಂದು ನನ್ನ ತಲೆ ತಿನ್ನುತ್ತಿದ್ದ. ದಿನಕ್ಕೆ ನಾಲ್ಕು ಇಡ್ಲಿ ಹೋಗುತ್ತಿದ್ದದ್ದು ಆರಾಯಿತು. ಆ ತಂಪಿನ ಮೇಲೆ ನನ್ನ ಗಂಜಿಯೂ ಒಂದಿಷ್ಟು ಒಳಗೆ ಇಳಿಯಿತು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವನಿಗೆ ಐದೂ ಬೆರಳು ಸಿಕ್ಕಿತು. ಚಿನ್ನದ ಪದಕ ಗೆದ್ದವನಂತೆ ಬೀದಿಯಲ್ಲಿ ಓಡಾಡಿದ.

ಆಸ್ಪತ್ರೆಯ ತೂಕದ ಮಿಷನ್ನಿನ ಮುಂದೆ ಅಣ್ಣ ಕಣ್ಣು ಮುಚ್ಚಿಕೊಂಡು ನಿಂತಿದ್ದ. ನಲವತ್ತು ಕೇಜಿ ಮುನ್ನೂರು ಗ್ರಾಂ. "ಪೈಪ್ ಬೇಡಮ್ಮ, ಹೀಗೇ ತಿನ್ನಿ" ಎಂದಳು ನರ್ಸು. ಅತ್ತಿಗೆ ಅಲ್ಲೇ ಅತ್ತುಬಿಟ್ಟಳು. ನಾನೂ ಅತ್ತೆ. ನರ್ಸು ಕಾಗದದಲ್ಲಿ ಬರೆದುಕೊಳ್ಳುತ್ತಾ ಕೇಳಿದಳು: "ನಾಲಿಗೆಗೆ ರುಚಿ ಗೊತ್ತಾಗ್ತಿದೆಯಾ?"

"ಇಲ್ಲ. ಕರೆಂಟ್ ಕೊಟ್ಟ ಎರಡ್ನೇ ವಾರಕ್ಕೇ ಹೋಯ್ತು. ಎಲ್ಲಾ ಒಂದೇ" ಎಂದಳು ಅತ್ತಿಗೆ.

ಅಣ್ಣನ ಮುಖ ಇಷ್ಟಾಯಿತು. ಊರಿನ ಬಸ್ಸು ಹತ್ತಿದೆವು. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಹಿಂದೆ ಬಸ್ಸು ನಿಂತಾಗ ಕೇಳಿಯೇಬಿಟ್ಟ. "ರುಚಿನೇ ಇಲ್ದಿದ್ ಮೇಲೆ ಅಷ್ಟಷ್ಟು ಬೆಳ್ಳು ಯಾಕ್ ತೋರಿಸ್ದೆ?"

"ತಣ್ಣಗಿತ್ತು. ಉರಿ ಕಮ್ಮಿ ಆಗ್ತಿತ್ತು" ಎಂದಳು. ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮುಂದುವರಿಸಿದಳು. "ನೀನು ಎದುರ್ಗೆ ಕೂತ್ಕಂಡು ನನ್ ಮಖ ನೋಡ್ತಿದ್ದೆ. ಮಾಡಿಕ್ಕಿದೋರಿಗೆ ಉಂಡೋರು ಒಂದ್ ಮಾತ್ ಹೇಳ್ದಿದ್ರೆ ಎಂಗಾಯ್ತದೆ ಅಂತ ನಂಗೊತ್ತು. ಮೂವತ್ತೈದು ವರ್ಸ ನಾನೂ ಹಂಗೇ ನೋಡ್ಕಂಡು ಕೂತಿದ್ದೆ."

ಅದರಲ್ಲಿ ಸಿಟ್ಟಿರಲಿಲ್ಲ. ನಾನೇ ಅಣ್ಣನ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ. ಬಸ್ಸು ಹೊರಟಿತು. ಬೆನ್ನ ಹಿಂದೆ ಅವನ ದನಿ ಕೇಳಿಸಿತು.

"ನಿನ್ ಹುಳ್ಳಿಕಾಳ್ ಸಾರು ಚೆನ್ನಾಗಿರ್ತಿತ್ತು."

ಅತ್ತಿಗೆ ಅವನ ಕಡೆ ತಿರುಗಿದಳು.

"ಬಸ್ಸಾರು ಚೆನ್ನಾಗಿರ್ತಿತ್ತು. ಕಡ್ಲೆಕಾಯ್ ಚಟ್ನಿ ಚೆನ್ನಾಗಿರ್ತಿತ್ತು. ಕೀರ್ತನಾ ಹುಟ್ಟಿದ್ ವರ್ಸ ಉಗಾದಿಗೆ ಒಬ್ಬಟ್ಟು ಮಾಡಿದ್ದಲ್ಲ, ಅದು ಭಾಳ ಚೆನ್ನಾಗಿತ್ತು."

ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು. "ಆ ಒಬ್ಬಟ್ಟು ಸೀದೋಗಿತ್ತು" ಎಂದಳು.

"ಸೀದೋಗಿತ್ತು. ಆದ್ರೂ ಚೆನ್ನಾಗಿತ್ತು" ಎಂದ ನಮ್ಮಣ್ಣ.