ಇಳಿಜಾರಿಗೆ ನಿಂತ ಕೆಂಪು ಕಾರು

ಹೊಸನಗರ ದಾಟಿ ನಗರವೆಂಬ ಊರಿನ ಕಡೆಗೆ ಹೊರಟರೆ, ಏರು ಮುಗಿಯುವ ಮೊದಲೇ ಎಡಕ್ಕೆ ಸಿಗುವುದು ಗುತ್ಯಪ್ಪನ ಗ್ಯಾರೇಜು. ಗೇಣಿಗೆ ಗದ್ದೆ ಮಾಡಿದವರ ಮನೆಯಲ್ಲಿ ಹುಟ್ಟಿ, ಟಿಲ್ಲರ್ ಹೊಡೆಯುವುದಕ್ಕಿಂತ ಮೊದಲು ಅದನ್ನು ಬಿಚ್ಚುವುದನ್ನು ಕಲಿತ ಆಸಾಮಿ. ಟಿಲ್ಲರ್ ಆಯಿತು, ಜೀಪಾಯಿತು, ಪಿಕಪ್ಪಾಯಿತು. ಅವನ ಕೈಗೆ ಬಂದು ಓಡದೆ ಉಳಿದದ್ದು ಕಡಿಮೆ. ಸ್ಪೋರ್ಟ್ಸ್ ಕಾರನ್ನು ಮಾತ್ರ ಅವನು ಹತ್ತಿರ ಸೇರಿಸಿರಲಿಲ್ಲ. ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆಗೇ ನಿಂತ ಮಗಳು ಸುಪ್ರಿಯಾ, ಆ ಕೆಲಸವನ್ನೂ ಹಿಡಿಯೋಣ ಎಂದು ಹಟ ಹಿಡಿದಿದ್ದಳು.

“ಒಂದು ತರ್ಸು, ನೋಡುವ. ಹದಗೆಟ್ರೆ ಮತ್ತೆ ಈ ಮಾತು ಎತ್ತಬಾರ್ದು” ಎಂದಿದ್ದ ಗುತ್ಯಪ್ಪ.

ಹಾಗೆ ಬಂದದ್ದು ಅಡಿಕೆ ಬೆಳೆಗಾರ ಮಧುಸೂದನ ಭಟ್ಟರ ಕೆಂಪು ಕಾರು. ಬರೀ ಸರ್ವೀಸು. ಆಯಿಲ್ ಬದಲಿಸಿದ್ದು ಗುತ್ಯಪ್ಪನೇ. ಮರುದಿನ ಬೆಳಿಗ್ಗೆ ಸುಪ್ರಿಯಾ ಸ್ಟಾರ್ಟ್ ಮಾಡಿದ್ದೇ ತಡ, ಸೈಲೆನ್ಸರಿನಿಂದ ಹೊಗೆ ಬುಸಬುಸನೆ ಎದ್ದು ರಸ್ತೆಯನ್ನೇ ಮುಚ್ಚಿತು.

“ಆಫ್ ಮಾಡು ಮಾರಾಯ್ತಿ” ಎನ್ನುತ್ತ ಗುತ್ಯಪ್ಪ ಓಡಿ ಬಂದ. ಭಟ್ಟರು ಮಧ್ಯಾಹ್ನ ಬರುವವರಿದ್ದರು.

ಸುಪ್ರಿಯಾ ಇಳಿದು ಹಿಂದೆ ಬಂದು ಮೂಸಿದಳು. “ನೀಲಿ ಹೊಗೆ ಅಪ್ಪ. ಬಿಳಿ ಆಗಿ, ಸಿಹಿ ವಾಸನೆ ಬಂದಿದ್ರೆ ಕೂಲೆಂಟ್ ನೀರು ಒಳಗಿಳಿದಿದೆ ಅನ್ಬಹುದಿತ್ತು. ಇದು ಆಯಿಲ್ ಉರಿಯೋದು.”

“ಅಷ್ಟು ನಂಗೂ ಗೊತ್ತಾಗ್ತದೆ. ಪಿಸ್ಟನ್ ರಿಂಗ್ ಸವೆದು ಹೋಗಿದೆ, ಎಂಜಿನ್ ಇಳಿಸ್ಬೇಕು. ಇದಕ್ಕೇ ನಾನು ಬೇಡ ಅಂದಿದ್ದು.”

“ನಿನ್ನೆ ಬರುವಾಗ ಹೊಗೆ ಇರ್ಲಿಲ್ಲ. ಬೆಳಗಾಗೋದ್ರೊಳಗೆ ರಿಂಗ್ ಸವೀತದಾ? ನೀನು ಆಯಿಲ್ ಎಷ್ಟು ಹಾಕ್ದೆ?”

“ಅಳತೆ ಕಡ್ಡಿ ಹೇಳಿದಷ್ಟು.”

“ಎಲ್ಲಿ ನಿಲ್ಸಿ ನೋಡ್ದೆ?”

“ಎಲ್ಲಿ ಅಂದ್ರೆ? ಇಲ್ಲೇ” ಎಂದವನು ತಟ್ಟನೆ ಕಾರಿನ ತಗ್ಗಿದ ಮೂತಿಯ ಕಡೆ ತಿರುಗಿದ.

ಈ ಕಡೆ ಗಾಡಿಯನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು ವಾಡಿಕೆ. ಬ್ಯಾಟರಿ ಕೈಕೊಟ್ಟರೂ ಉರುಳಿಸಿ ಗೇರಿಗೆ ಹಾಕಿದರೆ ಸ್ಟಾರ್ಟಾಗುತ್ತದೆ. ಗುತ್ಯಪ್ಪ ಕಾರನ್ನೂ ಹಾಗೇ ನಿಲ್ಲಿಸಿದ್ದ. ಅವನ ಜೀಪುಗಳಲ್ಲಿ ಕಡ್ಡಿ ಎಂಜಿನ್ನಿನ ನಡುವಿಗೆ. ಆಯಿಲ್ ಒಂದು ಕಡೆಗೆ ವಾಲಿದರೂ ಅಳತೆ ಅಷ್ಟಾಗಿ ತಪ್ಪುತ್ತಿರಲಿಲ್ಲ. ಇದರ ಕಡ್ಡಿ ಹಿಂಬದಿಗೆ. ಆಯಿಲೆಲ್ಲ ಮುಂದಕ್ಕೆ ಹರಿದು ಕಡ್ಡಿಯ ತುದಿಯಷ್ಟೇ ಒದ್ದೆಯಾಗಿತ್ತು. ಕಡಿಮೆ ಎಂದುಕೊಂಡು ಇವನು ಮತ್ತೂ ಸುರಿದಿದ್ದ. ಹೆಚ್ಚಾದ ಆ ಆಯಿಲೇ ಎಂಜಿನ್ನಿನಲ್ಲಿ ಉರಿದು ಹೊಗೆಯಾಗಿತ್ತು.

ಇಬ್ಬರೂ ಸೇರಿ ಕಾರನ್ನು ಎದುರಿನ ವಾಲಿಬಾಲ್ ಅಂಗಳಕ್ಕೆ ತಳ್ಳಿದರು. ಸಮನೆಲದಲ್ಲಿ ಕಡ್ಡಿ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ಹೆಚ್ಚಿದ್ದನ್ನು ಇಳಿಸಿ ಸ್ಟಾರ್ಟ್ ಮಾಡಿದರೆ, ಮತ್ತೆ ಅದೇ ನೀಲಿ ಹೊಗೆ. ಗುತ್ಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

“ಸೈಲೆನ್ಸರಲ್ಲಿ ಉಳಿದದ್ದು ಉರೀಲಿ, ಇರು” ಎಂದಳು ಮಗಳು.

ಹೊಗೆ ತೆಳ್ಳಗಾಯಿತು, ಎಳೆಯಾಯಿತು, ಆಮೇಲೆ ಹುಡುಕಿದರೂ ಕಾಣಲಿಲ್ಲ.

ಮಧ್ಯಾಹ್ನ ಬಂದ ಭಟ್ಟರು, “ಎಂತ ಗುತ್ಯಪ್ಪ, ಕುದುರೆ ಸಮಾ ಮೇವು ತಿಂತಾ?” ಎಂದರು.

ಸುಮ್ಮನೆ ಕೀಲಿ ಕೊಟ್ಟು ಕಳಿಸಬಹುದಿತ್ತು. ಗುತ್ಯಪ್ಪ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡ. “ನಾನೇ ಹೆಚ್ಚು ತಿನ್ಸಿದ್ದೆ ಭಟ್ರೇ. ಇಳಿಜಾರಲ್ಲಿ ಕಡ್ಡಿ ನೋಡಿ ಆಯಿಲ್ ಜಾಸ್ತಿ ಹಾಕ್ದೆ, ಬೆಳಿಗ್ಗೆ ಹೊಗೆ ಹಾಕ್ತು. ಇವಳು ಕೇಳ್ದೆ ಇದ್ದಿದ್ರೆ ಎಂಜಿನ್ ಇಳಿಸಿ ಕೂತಿರ್ತಿದ್ದೆ. ಮತ್ತೆ ಹೊಗೆ ಕಂಡ್ರೆ ತನ್ನಿ.”

ಭಟ್ಟರು ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಬಗ್ಗಿ ನೋಡಿ ಬಂದರು. “ಸಾಗರದಲ್ಲಿ ನಮ್ಮ ಭಾವನ ಹತ್ರ ಇಂಥದ್ದೇ ಒಂದಿದೆ. ದಿನಾ ಬೆಳಿಗ್ಗೆ ಬಿಳಿ ಹೊಗೆ ಅಂತ ಗೋಳು. ಯಾರಿಗೆ ಫೋನ್ ಮಾಡ್ಲಿಕ್ಕೆ ಹೇಳ್ಲಿ?”

“ಇವಳಿಗೇ” ಎಂದ ಗುತ್ಯಪ್ಪ. “ನನ್ನ ನಂಬರು ಟಿಲ್ಲರಿನವ್ರಿಗೆ ಇರ್ಲಿ.”

ಸುಪ್ರಿಯಾ ಆಗಲೇ ಕೇಳತೊಡಗಿದ್ದಳು: “ಬಿಸಿ ಆದ್ಮೇಲೆ ಹೋಗ್ತದಾ ಭಟ್ರೇ, ಇಲ್ಲಾ ಉಳೀತದಾ? ವಾಸನೆ ಹ್ಯಾಗಿದೆ?”